ಮೆಟ್ಟಿಲ ಅಂಚಿನ ನಾಲ್ಕು ಎಸಳು

ಆ ಊರಿನಲ್ಲಿ ಭಾನುವಾರದ ಊಟ ಮುಗಿಸಿ ಯಾರೂ ಮಲಗುತ್ತಿರಲಿಲ್ಲ. ಕ್ಯಾಮೆರಾ ಇದ್ದವರು ವಾರವಿಡೀ ಬೀದಿ ಬೀದಿ ಅಲೆದು ತೆಗೆದ ಚಿತ್ರಗಳಲ್ಲಿ ಒಂದನ್ನು ಆರಿಸಿ, ಕಾಗದದಲ್ಲಿ ಸುತ್ತಿ, ಎದೆಗವಚಿಕೊಂಡು ಚಿತ್ರಮನೆಗೆ ಹೋಗುತ್ತಿದ್ದರು. ಕ್ಯಾಮೆರಾ ಇಲ್ಲದವರು ಜಗಲಿಯಲ್ಲಿ ಕೂತು ಸಂಜೆಗಾಗಿ ಕಾಯುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಊರು ಸ್ವಲ್ಪ ಬದಲಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಏನು ಬದಲಾಯಿತು ಎಂದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚಿತ್ರಮನೆ ಊರಿನ ನಡುವೆ ಇತ್ತು. ಅಗಲವಾದ ಕಲ್ಲಿನ ಮೆಟ್ಟಿಲುಗಳು, ಮೆಟ್ಟಿಲುಗಳ ಮೇಲೆ ಚಿಕ್ಕ ಕಟ್ಟಡ, ಕಟ್ಟಡದ ಒಳಗೆ ಒಂದೇ ಒಂದು ಉದ್ದನೆಯ ಕೋಣೆ. ಪಡುವಣಕ್ಕೆ ಕಿಟಕಿ. ಕಿಟಕಿಯ ಎದುರು ಗೋಡೆ. ಆ ಗೋಡೆಯ ಮೇಲೆ ಊರಿನ ಚಿತ್ರಗಳು: ಬೀದಿ ಬೀದಿಯ ಚಿತ್ರ, ತಿರುವು ತಿರುವಿನ ಚಿತ್ರ, ಸಂತೆ ಕಟ್ಟೆ, ಗಡಿಯಾರದ ಗೋಪುರ, ಸೇತುವೆ. ಗೋಡೆಯ ಮೇಲೆ ಹೇಗಿದೆಯೋ ಊರು ಹಾಗೆಯೇ ಇರಬೇಕು. ಅದು ಆ ಊರಿನ ನಿಯಮ. ಯಾರು ಮಾಡಿದ್ದು ಎಂದು ಯಾರೂ ಕೇಳಿರಲಿಲ್ಲ. ಮಳೆ ಮೇಲಿನಿಂದ ಕೆಳಗೇ ಯಾಕೆ ಬೀಳುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ತಂದ ಚಿತ್ರವನ್ನು ಮರದ ಕ್ಲಿಪ್ಪು ಹಾಕಿ ದಾರಕ್ಕೆ ನೇತುಹಾಕುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಆಗ ಗೆರೆಯಜ್ಜ ಎದ್ದು ನಿಂತು ಕೇಳುತ್ತಿದ್ದ:

"ಇದರಲ್ಲಿ ಯಾವುದು ಬೇಡ?"

ಯಾವುದು ಚೆನ್ನಾಗಿದೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಬೇಡದ್ದು ಹೋದರೆ ಉಳಿದದ್ದು ತಾನಾಗಿ ಚೆನ್ನಾಗುತ್ತದೆ ಎಂಬುದು ಅವರ ನಂಬಿಕೆ. ಮಾತು, ವಾದ, ಚೇಷ್ಟೆ ಎಲ್ಲ ಮುಗಿದು ಒಮ್ಮತಕ್ಕೆ ಬಂದ ಮೇಲೆ ಗೆರೆಯಜ್ಜ ಹಿತ್ತಾಳೆಯ ಅಳತೆಪಟ್ಟಿ ಇಟ್ಟು, ಚಿತ್ರದ ಮೇಲಂಚಿನಿಂದ ಕೆಳಗಂಚಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಒಂದು ಚಿತ್ರಕ್ಕೆ ಒಂದೇ ಗೆರೆ. ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಗೆರೆ ಸಭೆಯದು, ಕತ್ತರಿ ಕತ್ತರಿಯವನದು. ಅವನು ಗೆರೆಯ ಮೇಲೆ ನೆಟ್ಟಗೆ ಕತ್ತರಿಸುತ್ತಿದ್ದ. ಒಂದು ತುಂಡು ಬುಟ್ಟಿಗೆ, ಒಂದು ತುಂಡು ಗೋಡೆಗೆ, ನೆಗೆಟಿವ್ ಅಗ್ಗಿಷ್ಟಿಕೆಗೆ. ಒಂದು ಜಾಗಕ್ಕೆ ಗೋಡೆಯ ಮೇಲೆ ಒಂದೇ ಚಿತ್ರ. ಹೊಸದು ಏರಿದರೆ ಹಳೆಯದು ಇಳಿಯಬೇಕು.

ದೀಪ ಹಚ್ಚುವ ಹೊತ್ತಿಗೆ ಬುಟ್ಟಿಯಲ್ಲಿ ಬಿದ್ದ ಪಟ್ಟಿಗಳು ಬೆಳ್ಳಗಾಗುತ್ತಿದ್ದವು. ಅವುಗಳಲ್ಲಿ ಇದ್ದದ್ದು ಊರಿನಲ್ಲಿ ಇರುತ್ತಿರಲಿಲ್ಲ. ಯಾರ ಮನಸ್ಸಿನಲ್ಲೂ ಇರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಕಡಲೆಕಾಯಿಯವಳು ಬಂದು ಆ ಬಿಳಿ ಪಟ್ಟಿಗಳನ್ನು ಪೊಟ್ಟಣ ಕಟ್ಟಲು ಒಯ್ಯುತ್ತಿದ್ದಳು. ಒಳ್ಳೆಯ ದಪ್ಪ ಕಾಗದ, ಬಿಸಿ ತಡೆಯುತ್ತದೆ ಎನ್ನುತ್ತಿದ್ದಳು.

ಹೀಗೆ ಊರು ಅಂದವಾಗುತ್ತ ಬಂದಿತ್ತು. ಅಲ್ಲಿ ವಾಲಿದ ಕಂಬವಿರಲಿಲ್ಲ, ಜೋತುಬಿದ್ದ ತಂತಿ ಇರಲಿಲ್ಲ. ಗೋಡೆಗೆ ಒರಗಿ ಕೂತ ಮುದುಕರಿರಲಿಲ್ಲ. ಬೀದಿಗಳಲ್ಲಿ ಬೆಳಕು ತಡೆಯಿಲ್ಲದೆ ಬೀಳುತ್ತಿತ್ತು. ಪರವೂರಿನವರು ಬಂದರೆ ಬೆರಗಾಗಿ, ಮಾತು ತಗ್ಗಿಸಿ, ಬೇಗ ಹೊರಟುಹೋಗುತ್ತಿದ್ದರು.

ಆದರೆ ಊರಿನವರಲ್ಲಿ ಕೆಲವು ವಿಚಿತ್ರ ಅಭ್ಯಾಸಗಳು ಉಳಿದಿದ್ದವು. ಬಯಲಿನಲ್ಲಿ ನಡೆಯುವವರು ಇಲ್ಲದ ಹೊಸ್ತಿಲಿಗೆ ಕಾಲೆತ್ತುತ್ತಿದ್ದರು. ಹೋಟೆಲಿನವನು ದಿನಾ ಬೆಳಿಗ್ಗೆ ಒಂದು ಲೋಟ ಕಾಫಿ ಬಗ್ಗಿಸಿ ಖಾಲಿ ಬೆಂಚಿನ ಮೇಲಿಟ್ಟು, ಯಾಕಿಟ್ಟೆ ಎಂದು ತಲೆ ಕೆರೆದುಕೊಂಡು, ಆರುವ ಮೊದಲು ತಾನೇ ಕುಡಿಯುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. ಅದನ್ನು ಕಂಡು ಉಳಿದವರು ನಗುತ್ತಿದ್ದರು.

ಕತ್ತರಿಯವನ ಅಭ್ಯಾಸ ಅವನ ಎಡಗೈಯಲ್ಲಿತ್ತು. ಬೀದಿಯಲ್ಲಿ ನಡೆಯುವಾಗ ಆ ಕೈ ಮೈಗೆ ಅಂಟದೆ, ಸ್ವಲ್ಪ ದೂರದಲ್ಲಿ, ಬೆರಳು ಅರ್ಧ ಮಡಚಿಕೊಂಡು ತೂಗುತ್ತಿತ್ತು. ಉದ್ದ ಕಾಲಿನ ಮನುಷ್ಯ, ಆದರೂ ಹೆಜ್ಜೆ ಚಿಕ್ಕದು. ರಸ್ತೆ ದಾಟುವ ಮುಂಚೆ ನಿಂತು, ಎಡಗೈಯನ್ನು ಇನ್ನಷ್ಟು ಕೆಳಗೆ ಚಾಚುತ್ತಿದ್ದ.

"ಏನು ಕತ್ತರಿಯಣ್ಣಾ, ಗಾಳಿಯನ್ನ ವಾಕಿಂಗ್ ಕರ್ಕೊಂಡು ಹೊರಟ್ರಾ?" ಎಂದು ಜನ ಕೆಣಕುತ್ತಿದ್ದರು. ಅವನೂ ನಗುತ್ತಿದ್ದ.

ಅವನ ಮನೆಯ ಬಾಗಿಲ ಪಕ್ಕ, ಸೊಂಟಕ್ಕಿಂತ ಕೆಳಗೆ, ಒಂದು ಮೊಳೆ ಇತ್ತು. ಅದರಲ್ಲಿ ಏನೂ ತೂಗುಬಿಟ್ಟಿರಲಿಲ್ಲ. ಅಷ್ಟು ಕೆಳಗೆ ಯಾರು ಮೊಳೆ ಹೊಡೆದರೋ. ಹೋಗಿ ಬರುವಾಗ ಅದು ಪಂಚೆಗೆ ಸಿಕ್ಕಿಕೊಳ್ಳುತ್ತಿತ್ತು. ಕಿತ್ತುಬಿಡೋಣ ಎಂದು ಇಕ್ಕಳ ಹಿಡಿದು ಕೂತಾಗಲೆಲ್ಲ ಕೈ ಬರುತ್ತಿರಲಿಲ್ಲ. ಇಕ್ಕಳ ಕೆಳಗಿಟ್ಟು ಎದ್ದುಬಿಡುತ್ತಿದ್ದ.

ಕತ್ತರಿ ಅವನ ಕೈಗೆ ಬಂದದ್ದು ಅವನೇ ತೆಗೆದು, ಮೊದಲ ಸಲ ಅವನೇ ಕತ್ತರಿಸಿದ ಒಂದು ಚಿತ್ರದಿಂದ. ಅದು ಗೋಡೆಯ ನಟ್ಟನಡುವೆ ಇತ್ತು. ಚಿತ್ರಮನೆಯದೇ ಚಿತ್ರ: ಕೆಳಗಿನಿಂದ ನೋಡಿದರೆ ಕಾಣುವ ಮೆಟ್ಟಿಲುಗಳು, ಅವುಗಳ ಮೇಲೆ ಇಳಿಬಿಸಿಲು, ತುದಿಯಲ್ಲಿ ತೆರೆದ ಬಾಗಿಲು. ಮನುಷ್ಯರ ಸುಳಿವಿಲ್ಲ. ಎಲ್ಲ ಬೇಡದ್ದೂ ಹೋಗಿ ಬೇಕಾದ್ದಷ್ಟೇ ಉಳಿದ ಚಿತ್ರ ಎಂದು ಹೊಸಬರಿಗೆ ಅದನ್ನೇ ತೋರಿಸುತ್ತಿದ್ದರು. ಅದರಲ್ಲಿ ಒಂದೇ ಒಂದು ಒಗಟು ಇತ್ತು. ಎಡ ಅಂಚಿನಲ್ಲಿ, ಒಂದು ಮೆಟ್ಟಿಲ ಕಲ್ಲಿನ ಮೇಲೆ, ನಾಲ್ಕು ಸಣ್ಣ ಬಿಳಿ ಎಸಳುಗಳು. ಚಿತ್ರದ ಹೊರಗಿನಿಂದ ಆಗತಾನೆ ತೂರಿಬಂದಂತೆ, ಒತ್ತಾಗಿ, ಒಂದರ ಪಕ್ಕ ಒಂದು. ಸಂಪಿಗೆ ಎಂದು ಕೆಲವರು, ಬಿಸಿಲಿನ ಹನಿ ಎಂದು ಕೆಲವರು ವಾದ ಮಾಡುತ್ತಿದ್ದರು. ತೆಗೆದವನನ್ನು ಕೇಳಿದರೆ ತನಗೂ ನೆನಪಿಲ್ಲ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಹೊರಗಿನ ಮೆಟ್ಟಿಲಿನ ಮೇಲೆ ಹೋಗಿ ನೋಡಿದರೆ ಅಲ್ಲಿ ಎಸಳೇನೂ ಇರಲಿಲ್ಲ. ಆದರೆ ಆ ಜಾಗದಲ್ಲಿ, ನಾಲ್ಕು ಚುಕ್ಕಿಯಷ್ಟು ಕಲ್ಲಿನ ಮೇಲೆ, ಧೂಳು ಕೂರುತ್ತಿರಲಿಲ್ಲ.

ಆ ಭಾನುವಾರ ಮೊದಲು ಚಿತ್ರ ನೇತುಹಾಕಿದವನು ಕಿಟಕಿಯವನು. ಕಿಟಕಿ ಬಿಟ್ಟು ಬೇರೇನನ್ನೂ ತೆಗೆಯದವನು. ಹಳದಿ ಗೋಡೆ, ನೀಲಿ ಕಿಟಕಿ, ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಸಾಣೆ ಹಿಡಿಯುವವನು ತನ್ನ ಚಕ್ರ ತುಳಿಯುತ್ತ ಬಗ್ಗಿದ್ದ.

"ಇದರಲ್ಲಿ ಯಾವುದು ಬೇಡ?" ಎಂದ ಗೆರೆಯಜ್ಜ.

"ಹೋದ ವಾರಾನೂ ಕಿಟಕಿ, ಈ ವಾರಾನೂ ಕಿಟಕಿ," ಎಂದಳು ನೆರಳಿನಾಕೆ. ಅವಳು ನೆರಳುಗಳನ್ನು ಮಾತ್ರ ತೆಗೆಯುತ್ತಿದ್ದಳು. "ಒಂದು ಸಲ ಬಾಗಿಲಿನಿಂದ ಹೊರಗೆ ಬನ್ನಿ ಮಾರಾಯರೇ."

"ನೀವು ಒಂದು ಸಲ ಬಿಸಿಲಿಗೆ ಬನ್ನಿ, ಆಮೇಲೆ ಹೇಳಿ," ಎಂದ ಕಿಟಕಿಯವನು.

ಎಲ್ಲರೂ ನಕ್ಕರು. ಆಮೇಲೆ ಚಿತ್ರ ನೋಡಿದರು. ನೀಲಿಯೂ ಹಳದಿಯೂ ಒಂದಕ್ಕೊಂದು ಹೊಂದಿವೆ, ಆದರೆ ಕಣ್ಣು ಕಿಟಕಿಯಲ್ಲಿ ನಿಲ್ಲುವುದಿಲ್ಲ, ಆ ಚಕ್ರದ ಕಡೆ ಜಾರುತ್ತದೆ ಎಂದು ಒಬ್ಬರು. ಚಕ್ರದಿಂದ ಹಾರುವ ಕಿಡಿ ಫೋಕಸ್ಸಿನಲ್ಲಿಲ್ಲ ಎಂದು ಇನ್ನೊಬ್ಬರು.

"ನಮ್ಮ ಕತ್ತರಿಗೆ ಸಾಣೆ ಹಿಡಿಯೋನೇ ಅಲ್ವೇ ಅವನು?" ಎಂದಳು ನೆರಳಿನಾಕೆ.

"ಅವನೇ."

"ಪಾಪ. ಕೆಲಸದಲ್ಲಿ ಶುದ್ಧ."

"ಶುದ್ಧಾನೇ. ಆದರೆ ಚಿತ್ರಕ್ಕೆ ಬೇಡ."

ಯಾರೂ ಎದುರಾಡಲಿಲ್ಲ. ದೀಪ ಹಚ್ಚಿದ ಮೇಲೆ ಯಾರಿಗೂ ನೋವಿರುವುದಿಲ್ಲವಲ್ಲ. ಗೆರೆಯಜ್ಜ ಗೆರೆ ಎಳೆದ. ಕತ್ತರಿಯವನು ಜೇಬಿನಿಂದ ಬಟ್ಟೆಯ ತುಂಡೊಂದನ್ನು ತೆಗೆದು ಕತ್ತರಿಯ ಎರಡೂ ಅಲಗುಗಳನ್ನು ಒರೆಸಿದ. ಪ್ರತಿ ಸಲವೂ ಒರೆಸುತ್ತಿದ್ದ. ಅದೇ ಬಟ್ಟೆ, ಅದೇ ರೀತಿ, ಹಿಡಿಯಿಂದ ತುದಿಗೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆ, ಅದರ ಮೇಲೆ ಹಳದಿ ಗಿಳಿಗಳ ಅಚ್ಚು. ಒರೆಸಿ, ಮಡಚಿ, ಜೇಬಿಗಿಟ್ಟು, ಕತ್ತರಿಸಿದ. ಸಾಣೆಯವನು ಬುಟ್ಟಿಗೆ ಬಿದ್ದ. ಕಿಟಕಿ ಗೋಡೆ ಏರಿತು.

ಎರಡನೆಯದಾಗಿ ಎದ್ದವಳು ಹೊಸಬಳು. ಆ ದಿನವೇ ಮೊದಲ ಸಲ ಬಂದಿದ್ದಳು. ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದವಳು.

"ಇದು ತೆಗೆದದ್ದು ನಾನಲ್ಲ," ಎಂದಳು. "ತೊಳೆದು ಪ್ರಿಂಟ್ ಹಾಕಿದ್ದು ಮಾತ್ರ ನಾನು. ಸಂತೆಯಲ್ಲಿ ಹಳೇ ಕ್ಯಾಮೆರಾ ತಗೊಂಡೆ. ಅದರ ಚರ್ಮದ ಚೀಲದ ಒಳಪದರ ಬಿಟ್ಟಿತ್ತು. ಹೊಲಿಯೋಣ ಅಂತ ಬಿಚ್ಚಿದರೆ ಒಳಗೆ ಒಂದು ನೆಗೆಟಿವ್. ಯಾರೋ ಬೇಕೂಂತಲೇ ಒಳಗಿಟ್ಟು ಹೊಲಿದ ಹಾಗಿತ್ತು."

ಮೇಜಿನ ಮೇಲೆ ಅವಳಿಟ್ಟ ಕ್ಯಾಮೆರಾವನ್ನು ಕತ್ತರಿಯವನು ಗುರುತಿಸಿದ. ಅದು ಅವನದೇ. ತನ್ನ ಹೆಸರುವಾಸಿ ಚಿತ್ರವನ್ನು ಅದರಲ್ಲೇ ತೆಗೆದಿದ್ದ. ಆಮೇಲೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಒಂದೂ ಚಿತ್ರ ತೆಗೆಯದೆ ಕೆಳಗಿಡುತ್ತಿದ್ದ. ಕಾರಣ ತಿಳಿಯದೆ ಮಾರಿಬಿಟ್ಟಿದ್ದ. ಹಾಗಾದರೆ ನೆಗೆಟಿವ್ ಬಚ್ಚಿಟ್ಟವನೂ ತಾನೇ. ಅಗ್ಗಿಷ್ಟಿಕೆಗೆ ಹಾಕಬೇಕಾದದ್ದನ್ನು ಹಾಕದೆ, ಸೂಜಿ ದಾರ ಹಿಡಿದು ಕೂತು, ಚರ್ಮದೊಳಗೆ ಹೊಲಿದಿಟ್ಟವನು ತಾನೇ. ಜೀವಮಾನದಲ್ಲಿ ಒಂದು ನಿಯಮ ತಪ್ಪದವನು ಆ ಒಂದು ದಿನ ತಪ್ಪಿದ್ದ. ಯಾಕೆ?

ಹೊಸಬಳು ಚಿತ್ರವನ್ನು ದಾರಕ್ಕೆ ಹಾಕಿದಳು.

ಮೆಟ್ಟಿಲುಗಳು. ಇಳಿಬಿಸಿಲು. ತೆರೆದ ಬಾಗಿಲು. ಗೋಡೆಯ ನಡುವಿನ ಅದೇ ಚಿತ್ರ, ಆದರೆ ಇನ್ನಷ್ಟು ಅಗಲ. ಎಡಕ್ಕೆ, ಕಟ್ಟಡ ಮುಗಿದು ಬರೀ ಆಕಾಶ ಇರುವ ಕಡೆ, ಮೆಟ್ಟಿಲ ತುದಿಯಲ್ಲಿ ಒಂದು ಮಗು ಕೂತಿತ್ತು. ಐದಾರು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಒಂದು ಕೈ ಮಡಿಲಲ್ಲಿ, ಇನ್ನೊಂದು ಕೈ ಪಕ್ಕದ ಕಲ್ಲಿನ ಮೇಲೆ ಊರಿದೆ. ಚಿತ್ರ ತೆಗೆಯುವವನನ್ನೇ ನೋಡುತ್ತಿದ್ದಾಳೆ. ನಗು ಬಂದಿದೆ, ಆದರೆ ತುಟಿ ಬಿಗಿಹಿಡಿದಿದ್ದಾಳೆ.

"ಅರೆ!" ಎಂದು ಕಿಟಕಿಯವನು ಎದ್ದ. ಗೋಡೆಯ ನಡುವಿನ ಚಿತ್ರವನ್ನು ಇಳಿಸಿ ತಂದು ಪಕ್ಕದಲ್ಲಿ ಹಿಡಿದ. "ನೋಡಿ, ಇಲ್ಲಿ ನೋಡಿ! ಎಸಳು ಅಲ್ಲ ಕಣ್ರೀ ಅದು! ಬೆರಳು! ಈ ಹುಡುಗಿಯ ಬೆರಳ ತುದಿ!"

ಅವನ ದನಿಯಲ್ಲಿ ಬಹುಕಾಲದ ಒಗಟು ಬಿಡಿಸಿದ ಸಂತೋಷವಿತ್ತು.

"ಅಯ್ಯೋ, ಸಂಪಿಗೆ ಅಂತ ಎಷ್ಟು ಜನರ ಹತ್ತಿರ ಜಗಳ ಆಡಿದ್ದೀನಿ ನಾನು," ಎಂದಳು ನೆರಳಿನಾಕೆ. "ಮಾನ ಹೋಯ್ತು."

ಕೋಣೆಯಲ್ಲಿ ನಗು ಎದ್ದಿತು. ಬೆಂಚಿನಿಂದ ಬೆಂಚಿಗೆ ಹರಿಯಿತು. ಆ ನಗುವಿನ ನಡುವೆ ಕತ್ತರಿಯವನು ಕೂತಿದ್ದ. ಅವನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ನಾಲ್ಕು ಎಸಳು, ನಾಲ್ಕು ಬೆರಳು. ಗೆರೆಯ ಈಚೆ ಬೆರಳ ತುದಿ, ಆಚೆ ಮಗು. ಆ ಗೆರೆಯ ಮೇಲೆ ಕತ್ತರಿ ನಡೆಸಿದ ಕೈ ಈಗ ಮೇಜಿನ ಮೇಲೆ ಇತ್ತು. ಅದು ಅವನದೇ ಕೈ. ಆ ಚಿತ್ರ ಗೋಡೆ ಏರಿದ ಸಂಜೆ ಎಲ್ಲರೂ ಅವನ ಬೆನ್ನು ತಟ್ಟಿದ್ದರು. ಅದು ಮಾತ್ರ ಅವನಿಗೆ ನೆನಪಿತ್ತು.

"ಹೋದ ಸಲ ಗೆರೆ ಎಳೆದದ್ದು ನಾನೇ," ಎಂದ ಗೆರೆಯಜ್ಜ, ಕನ್ನಡಕ ಒರೆಸಿಕೊಳ್ಳುತ್ತ. ಅವನ ದನಿಯಲ್ಲಿ ನಾಚಿಕೆ ಇತ್ತು. "ಅಚ್ಚುಕಟ್ಟಾಗಿಲ್ಲ. ಬೆರಳು ಉಳಿದುಹೋಗಿದೆ. ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ನನಗೆ. ಇರಲಿ, ಇವತ್ತು ಸರಿಮಾಡೋಣ. ಹೊಸ ಚಿತ್ರ ಏರಲಿ, ಹಳೇದು ಇಳಿಯಲಿ. ಇದರಲ್ಲಿ ಯಾವುದು ಬೇಡ?"

"ಹುಡುಗಿ," ಎಂದರು ಎಲ್ಲರೂ.

"ಕೈ ಸಮೇತ," ಎಂದ ಕಿಟಕಿಯವನು.

"ಯಾರ ಮಗು ಅದು?" ಎಂದು ಹೊಸಬಳು ಕೇಳಿದಳು.

ಎಲ್ಲರೂ ಅವಳ ಕಡೆ ತಿರುಗಿದರು. ಅಂಥ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ಯಾರದೂ ಅಲ್ಲಮ್ಮ," ಎಂದಳು ನೆರಳಿನಾಕೆ, ಚಿಕ್ಕವರಿಗೆ ಹೇಳುವಂತೆ. "ಇಲ್ಲದ ಮಗು. ಇಲ್ಲದ್ದಕ್ಕೆ ತಂದೆ ತಾಯಿ ಎಲ್ಲಿಂದ ಬರಬೇಕು?"

ಗೆರೆಯಜ್ಜ ಅಳತೆಪಟ್ಟಿ ಇಟ್ಟ. ಈ ಸಲ ಬಲು ಜಾಗ್ರತೆಯಿಂದ ಇಟ್ಟ. ಬೆರಳ ತುದಿಯಿಂದ ಒಂದು ಕೂದಲೆಳೆ ಆಚೆಗೆ, ಮಗುವಿನ ಪೂರ್ತಿ ಕೈ ಎಡಗಡೆ ಬರುವಂತೆ, ಮೇಲಿನಿಂದ ಕೆಳಗೆ ಗೆರೆ ಎಳೆದ. ಗೆರೆಯ ಬಲಕ್ಕೆ ಬಾಗಿಲು, ಕಟ್ಟಡ, ಮೆಟ್ಟಿಲುಗಳ ದೊಡ್ಡ ಭಾಗ. ಎಡಕ್ಕೆ ಮೆಟ್ಟಿಲುಗಳ ತುದಿ, ಆಕಾಶ, ಮಗು.

"ಹೂಂ, ಕತ್ತರಿ," ಎಂದ.

ಕತ್ತರಿಯವನು ಏಳಲಿಲ್ಲ.

"ತನ್ನ ಚಿತ್ರ ಇಳಿಯುತ್ತಲ್ಲ ಅಂತ ಸಂಕಟ," ಎಂದು ಯಾರೋ ಹಿಂದಿನಿಂದ ಅಂದರು. "ಇರಲಿ ಬಿಡಿ ಕತ್ತರಿಯಣ್ಣಾ, ಇದೂ ನಿಮ್ಮದೇ ಅಲ್ವಾ."

ಅವನು ಎದ್ದ. ಅಭ್ಯಾಸದಂತೆ ಕೈ ಜೇಬಿಗೆ ಹೋಯಿತು. ಅಭ್ಯಾಸದಂತೆ ಬಟ್ಟೆ ಹೊರಗೆ ಬಂತು. ಹಿಡಿಯಿಂದ ತುದಿಗೆ ಒರೆಸಿದ. ಒರೆಸುತ್ತ ಚಿತ್ರದ ಕಡೆ ಬಗ್ಗಿದ. ಮಗುವಿನ ಫ್ರಾಕಿನ ತುಂಬ ಗಿಳಿಗಳಿದ್ದವು. ಚಿತ್ರದಲ್ಲಿ ಬಣ್ಣವಿರಲಿಲ್ಲ. ಆದರೆ ಗಿಳಿಯ ಕೊಕ್ಕು ಅದೇ, ಬಾಲದ ಬಳುಕು ಅದೇ, ಎರಡು ಗಿಳಿಗಳ ನಡುವಿನ ಎಲೆ ಅದೇ. ಫ್ರಾಕಿನ ಅಂಚಿನಲ್ಲಿ, ಮೊಣಕಾಲಿನ ಮೇಲೆ, ಬೇರೆ ಬಟ್ಟೆಯ ತೇಪೆ. ಅಲ್ಲಿಂದ ಒಂದು ತುಂಡು ಹರಿದುಹೋಗಿತ್ತು.

ಹರಿದ ತುಂಡು ಅವನ ಕೈಯಲ್ಲಿತ್ತು.

ಇಷ್ಟು ವರ್ಷ, ಪ್ರತಿ ಭಾನುವಾರ, ಯಾರನ್ನು ಕತ್ತರಿಸುವ ಮೊದಲೂ ಅವನು ಕತ್ತರಿಯನ್ನು ಅದರಿಂದ ಒರೆಸಿದ್ದ.

ನೆನಪು ಬರಲಿಲ್ಲ. ಅವನು ಗರಬಡಿದವನಂತೆ ನಿಂತದ್ದು ಅದಕ್ಕೇ. ಮಗುವಿನ ಮುಖವನ್ನು ಎಷ್ಟು ನೋಡಿದರೂ ಹೆಸರು ಬರಲಿಲ್ಲ, ದನಿ ಬರಲಿಲ್ಲ. ಎತ್ತಿಕೊಂಡಿದ್ದ ಭಾರ ಬರಲಿಲ್ಲ. ಎಡಗೈ ಮಾತ್ರ ತಾನಾಗಿ ಮೈಯಿಂದ ದೂರ ಸರಿದು, ಕೆಳಗೆ ಚಾಚಿ, ಬೆರಳು ಮಡಚಿತು. ಬಾಗಿಲ ಪಕ್ಕದ ಮೊಳೆ ಎಷ್ಟು ಎತ್ತರದ ಮಗುವಿನದು ಎಂದು ಅವನಿಗೆ ತಿಳಿಯಿತು. ಅದರಲ್ಲಿ ತೂಗುತ್ತಿದ್ದದ್ದು ಏನು ಎಂದು ತಿಳಿಯಲಿಲ್ಲ.

"ಏನಾಯ್ತೋ?" ಎಂದ ಗೆರೆಯಜ್ಜ.

ಕತ್ತರಿಯವನು ಹೊಸಬಳ ಕಡೆ ತಿರುಗಿದ. "ತಂಗೀ, ಒಂದು ಉಪಕಾರ ಮಾಡ್ತೀಯಾ?"

"ಹೇಳಿ ಅಣ್ಣಾ."

"ಕೆಳಗೆ ಹೋಗು. ಮೆಟ್ಟಿಲ ಮೇಲಲ್ಲ, ಪೂರ್ತಿ ಇಳಿದು ಬಯಲಲ್ಲಿ ನಿಲ್ಲು. ದೀಪ ಹಚ್ಚೋ ತನಕ ಅಲ್ಲೇ ಇರು. ಆಮೇಲೆ ಅಲ್ಲಿ ಯಾರಾದರೂ ಇದ್ದರೆ ಕೈ ಹಿಡ್ಕೋ."

"ಯಾರು?"

"ಹೆಸರು ಗೊತ್ತಿಲ್ಲ," ಎಂದ.

ಅವಳು ಅವನ ಮುಖ ನೋಡಿದಳು, ಅವನ ಕೈಯ ಬಟ್ಟೆ ನೋಡಿದಳು, ಚಿತ್ರ ನೋಡಿದಳು. ಏನೂ ಕೇಳದೆ ಇಳಿದು ಹೋದಳು.

ಅವನು ಕತ್ತರಿಸಿದ. ಗೆರೆಯ ಮೇಲೆಯೇ, ನೆಟ್ಟಗೆ, ಯಾವತ್ತಿನಂತೆ. ಬಲಗೈಯಲ್ಲಿ ದೊಡ್ಡ ತುಂಡು, ಎಡಗೈಯಲ್ಲಿ ಚಿಕ್ಕ ತುಂಡು. ಎಲ್ಲರೂ ಮುಂದಿನ ಚಿತ್ರದ ಕಡೆ ತಿರುಗತೊಡಗಿದ್ದರು. ಆಗ ಅವನು ದೊಡ್ಡ ತುಂಡನ್ನು ಬುಟ್ಟಿಗೆ ಹಾಕಿದ. ಗೋಡೆಯಿಂದ ಇಳಿದ ತನ್ನ ಹಳೆಯ ಚಿತ್ರವನ್ನೂ ಅದರ ಮೇಲೆ ಹಾಕಿದ. ಚಿಕ್ಕ ತುಂಡನ್ನು, ಬೆರಳಗಲದ ಆ ಪಟ್ಟಿಯನ್ನು, ಗೋಡೆಯ ನಟ್ಟನಡುವೆ ಪಿನ್ನು ಚುಚ್ಚಿ ನಿಲ್ಲಿಸಿದ.

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ.

"ಅದಲ್ಲ ಕತ್ತರಿಯಣ್ಣಾ, ಉಲ್ಟಾ ಆಯ್ತು," ಎಂದು ಕಿಟಕಿಯವನು ನಕ್ಕ.

"ಉಲ್ಟಾ ಆಗಿಲ್ಲ."

"ತಲೆಗಿಲೆ ಕೆಟ್ಟಿದೆಯೇನೋ ನಿನಗೆ?" ಗೆರೆಯಜ್ಜ ಗುಡುಗಿದ. "ಚಿಕ್ಕದ್ದಲ್ಲವೋ ಬುಟ್ಟಿಗೆ ಹೋಗೋದು?"

"ಗೆರೆ ನಿಮ್ಮದು ಅಜ್ಜಾ. ನೀವು ಎಳೆದ ಗೆರೆಯ ಮೇಲೇ ಕತ್ತರಿಸಿದ್ದೀನಿ. ಯಾವ ಕಡೇದು ಬುಟ್ಟಿಗೆ ಹೋಗಬೇಕು ಅಂತ ಯಾವ ನಿಯಮ ಹೇಳುತ್ತೆ?"

ಅಂಥ ನಿಯಮ ಇರಲಿಲ್ಲ. ಚಿಕ್ಕದು ಹೋಗುವುದು, ದೊಡ್ಡದು ಉಳಿಯುವುದು ಬರೀ ರೂಢಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲೇ ಇಲ್ಲ, ಯಾಕೆಂದರೆ ಯಾರೂ ಬೇರೆ ಥರ ಮಾಡಿರಲಿಲ್ಲ.

ಮೊದಲು ತಿಳಿದದ್ದು ನೆರಳಿನಾಕೆಗೆ. ಅವಳು ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಮೆಟ್ಟಿಲು, ಕಟ್ಟಡ, ತೆರೆದ ಬಾಗಿಲು. ಬಾಗಿಲೊಳಗಿನ ಕತ್ತಲೆ.

"ರೀ," ಎಂದಳು, ಮೆಲ್ಲಗೆ. "ನಾವು ಬುಟ್ಟಿಯಲ್ಲಿದ್ದೀವಿ."

ಆಮೇಲೆ ಆದ ಗಲಾಟೆ ಹೇಳತೀರದು. ಬೆಂಚು ಉರುಳಿದವು. ಕಿಟಕಿಯವನು ಗೋಡೆಯ ಕಡೆ ನುಗ್ಗಿದ. ಕತ್ತರಿಯವನು ಪಟ್ಟಿಗೆ ಬೆನ್ನು ಕೊಟ್ಟು, ತೆರೆದ ಕತ್ತರಿ ಹಿಡಿದು ನಿಂತ. ಅವನು ಯಾರನ್ನೂ ಬೈಯಲಿಲ್ಲ, ಹೆದರಿಸಲಿಲ್ಲ. ನಿಂತನಷ್ಟೆ. ಕಿಟಕಿಯಿಂದ ಬರುತ್ತಿದ್ದ ಬಿಸಿಲು ಆಗಲೇ ಕೆಂಪಾಗಿತ್ತು. ದೀಪ ಹಚ್ಚಲು ಹೆಚ್ಚು ಹೊತ್ತಿರಲಿಲ್ಲ. ಒಬ್ಬರು ಓಡಿದರು, ಆಮೇಲೆ ಎಲ್ಲರೂ ಓಡಿದರು. ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು, ಎಷ್ಟೋ ಜನ ಬರಿಗಾಲಲ್ಲಿ, ಮೆಟ್ಟಿಲು ಇಳಿದು ಬೀದಿಗಳಲ್ಲಿ ಚದುರಿದರು.

ಗೆರೆಯಜ್ಜ ಓಡಲಿಲ್ಲ. ವಯಸ್ಸಾಗಿತ್ತು. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ನೀನೂ ಬಾರೋ."

"ನಾನು ಹೊರಟರೆ ಯಾರಾದರೂ ಬಂದು ಅದನ್ನ ಕಿತ್ತುಹಾಕ್ತಾರೆ."

"ಹೋದದ್ದು ಮತ್ತೆ ಗೋಡೆ ಏರಿದರೆ ವಾಪಸ್ ಬರುತ್ತೆ ಅಂತ ಯಾರು ಹೇಳಿದರು ನಿನಗೆ?"

"ಯಾರೂ ಹೇಳಿಲ್ಲ. ಯಾರೂ ನೋಡಿಲ್ಲವಲ್ಲ ಅಜ್ಜಾ."

ಮುದುಕ ಹೊಸ್ತಿಲ ಮೇಲೆ ನಿಂತೇ ಇದ್ದ. ಅವನ ಕೈಯಲ್ಲಿ ಅಳತೆಪಟ್ಟಿ ಇತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ನನ್ನ ಅಭ್ಯಾಸ ಯಾವುದು ಗೊತ್ತೇನೋ ನಿನಗೆ?" ಎಂದ. "ಊಟಕ್ಕೆ ಕೂತಾಗ ನನ್ನ ಪಕ್ಕ ಇನ್ನೊಂದು ಎಲೆ ಹಾಕ್ತೀನಿ. ನೀರು ಚಿಮುಕಿಸಿ ಒರೆಸ್ತೀನಿ. ಉಪ್ಪು ಬಡಿಸ್ತೀನಿ. ಆಮೇಲೆ ನಗು ಬರುತ್ತೆ. ಎತ್ತಿಡ್ತೀನಿ." ಅಳತೆಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ನಗು ಬರ್ತಿತ್ತು."

ಬುಟ್ಟಿಯ ಕಡೆ ನೋಡಿದ. ಎಷ್ಟು ಭಾನುವಾರಗಳ ಬುಟ್ಟಿ ಅದು. ಅವನ ಮುಖದ ಬಣ್ಣವೇ ಹೋಗಿತ್ತು. ಅಳತೆಪಟ್ಟಿಯನ್ನು ಬುಟ್ಟಿಯೊಳಗೆ ಇಟ್ಟು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಕಾಲು ಊರುತ್ತ ಇಳಿದು ಹೋದ.

ಕತ್ತರಿಯವನು ಬಾಗಿಲು ಹಾಕಿ ಅಗುಳಿ ಜಡಿದ. ಕುರ್ಚಿಯನ್ನು ಗೋಡೆಯ ಎದುರಿಗೆ ಎಳೆದುಕೊಂಡು ಕೂತ. ಚಿತ್ರಮನೆಯಲ್ಲಿ ಮೊದಲ ಸಲ ಯಾರೂ ಮಾತಾಡುತ್ತಿರಲಿಲ್ಲ. ಮೊದಲ ಸಲ ಅವನು ಒಂದು ಚಿತ್ರವನ್ನು, ಯಾವುದು ಬೇಡ ಎಂದು ಕೇಳಿಕೊಳ್ಳದೆ, ನೋಡಿದ. ಜಡೆಯ ತುದಿಯ ರಿಬ್ಬನ್ ಒಂದು ಕಡೆ ಬಿಚ್ಚಿತ್ತು. ಒಂದು ಕಾಲಿನ ಚಪ್ಪಲಿಯ ಪಟ್ಟಿಯನ್ನು ತಪ್ಪು ತೂತಿಗೆ ಹಾಕಿದ್ದಳು. ಕಲ್ಲಿನ ಮೇಲಿನ ಕೈ ಬಲವಾಗಿ ಒತ್ತಿತ್ತು. ಅಲುಗಬಾರದು ಎಂದು ಮೈಯನ್ನೆಲ್ಲ ಆ ಕೈಯಲ್ಲೇ ಹಿಡಿದಿದ್ದಳು.

ಅವನು ಹೆಸರುಗಳನ್ನು ಒಂದೊಂದಾಗಿ ಹೇಳಿ ನೋಡಿದ. ತನಗೆ ಗೊತ್ತಿದ್ದ ಹೆಣ್ಣುಮಕ್ಕಳ ಹೆಸರುಗಳನ್ನೆಲ್ಲ ಮೆಲ್ಲಗೆ, ಕೂಗುವಂತೆ, ಹೇಳಿದ. ಯಾವ ಹೆಸರಿಗೂ ಚಿತ್ರ ತಿರುಗಲಿಲ್ಲ. ಅವನ ಎದೆಯೂ ಓಗೊಡಲಿಲ್ಲ. ಹೆಸರಿಲ್ಲದೆಯೇ ಅವನು ಅತ್ತ.

ಗಿಳಿಯ ಬಟ್ಟೆಯಿಂದ ಮುಖ ಒರೆಸಿಕೊಳ್ಳಲು ಹೋದ. ಒರೆಸಿಕೊಳ್ಳಲಿಲ್ಲ. ಎದ್ದು, ಬಟ್ಟೆಯನ್ನು ನೀಟಾಗಿ ಮಡಚಿ, ಪಟ್ಟಿಯ ಹಿಂದೆ, ಕಾಗದಕ್ಕೂ ಗೋಡೆಗೂ ನಡುವೆ ಸಿಕ್ಕಿಸಿದ.

ಕಿಟಕಿಯ ಬಿಸಿಲು ಗೋಡೆ ಹತ್ತಿತು. ಬೀದಿಗಳ ಮೇಲೆ, ತಿರುವುಗಳ ಮೇಲೆ, ನೀಲಿ ಕಿಟಕಿಯ ಮೇಲೆ ಹಾದು, ಕೊನೆಗೆ ಮಗುವಿನ ಕಾಲಿಗೆ, ಮಡಿಲಿಗೆ, ಮುಖಕ್ಕೆ ಏರಿತು. ಬುಟ್ಟಿಯಲ್ಲಿ ಕಾಗದ ಬೆಳ್ಳಗಾಗುವ ಸದ್ದು ಕೇಳಿಸಿತು. ಅದಕ್ಕೆ ಸದ್ದಿದೆ ಎಂದು ಅವನಿಗೆ ಆವರೆಗೆ ತಿಳಿದಿರಲಿಲ್ಲ. ಮೇಜಿನ ಕಾಲು ಬೆಳ್ಳಗಾಯಿತು. ಕುರ್ಚಿ ಬೆಳ್ಳಗಾಯಿತು. ಅವನು ಎಡಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿದ.

ಊರಿನ ಮೊದಲ ದೀಪವನ್ನು ಯಾರೋ ಹಚ್ಚಿದರು.

ಊರಿನ ನಡುವಿನ ಬಯಲಿನಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ತಾನು ಇಲ್ಲಿಗೆ ಯಾಕೆ ಬಂದೆ ಎಂದು ಅವಳಿಗೆ ಹೊಳೆಯಲಿಲ್ಲ. ಅವಳ ಹೆಗಲಲ್ಲಿ ಖಾಲಿ ಚರ್ಮದ ಚೀಲವಿತ್ತು. ಅವಳ ಎಡಗೈ ಮೈಯಿಂದ ಸ್ವಲ್ಪ ದೂರ, ಸ್ವಲ್ಪ ಕೆಳಗೆ, ಚಾಚಿಕೊಂಡಿತ್ತು. ಚಿತ್ರಮನೆಯ ಜೊತೆ ಬುಟ್ಟಿಯೂ ಹೋಗಿತ್ತು; ಯಾವುದೋ ಬೀದಿಯಲ್ಲಿ ಸಾಣೆಯ ಚಕ್ರ ತಿರುಗುವ ಸದ್ದು ಬರುತ್ತಿತ್ತು. ಬಯಲಿನ ತುಂಬ ಒಂಟಿ ಒಂಟಿ ಚಪ್ಪಲಿಗಳು ಬಿದ್ದಿದ್ದವು.

ಅವಳ ಎದುರಿಗೆ ಮೊಳದಗಲದ ಕಲ್ಲಿನ ಮೆಟ್ಟಿಲುಗಳಿದ್ದವು. ಯಾವುದಕ್ಕೂ ಆತುಕೊಳ್ಳದೆ, ಎಲ್ಲಿಗೂ ಹೋಗದೆ, ಆಕಾಶದ ಕಡೆ ಏರಿ ನಿಂತುಬಿಟ್ಟಿದ್ದವು. ಅವುಗಳಲ್ಲೊಂದರ ಮೇಲೆ, ಹಳದಿ ಗಿಳಿಗಳ ಫ್ರಾಕು ತೊಟ್ಟ ಹುಡುಗಿ, ಒಂದು ಕೈ ಕಲ್ಲಿಗೆ ಊರಿಕೊಂಡು ಕೂತಿದ್ದಳು. ಕಣ್ಣು ಮಿಟುಕಿಸುತ್ತಿರಲಿಲ್ಲ. ತುಟಿ ಬಿಗಿಹಿಡಿದಿದ್ದಳು.

ಕಡಲೆಕಾಯಿಯವಳು ಗಾಡಿ ತಳ್ಳಿಕೊಂಡು ಬಂದಳು. ಮೆಟ್ಟಿಲು ನೋಡಿ ನಿಂತಳು.

"ಇದ್ಯಾವಾಗ ಕಟ್ಟಿದರು? ಇದ್ಯಾರ ಮಗು ಕಣಮ್ಮಾ, ನಿಂದಾ?"

"ಗೊತ್ತಿಲ್ಲಕ್ಕಾ," ಎಂದಳು ಹೆಣ್ಣುಮಗಳು. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಏಯ್ ಪುಟ್ಟಾ, ಕತ್ತಲಾಯ್ತು. ಇಲ್ಲೇನು ಮಾಡ್ತಿದ್ದೀಯಾ? ಮನೆಗೆ ಹೋಗಲ್ವಾ?"

"ಶ್!" ಎಂದಳು ಹುಡುಗಿ, ತುಟಿ ಅಲುಗದ ಹಾಗೆ. "ಅಪ್ಪ ಫೋಟೋ ತೆಗೀತಿದ್ದಾರೆ. ಅಲ್ಲಾಡಬೇಡ ಅಂದಿದ್ದಾರೆ."

ಅವಳು ನೋಡುತ್ತಿದ್ದ ಕಡೆಗೆ ಇಬ್ಬರು ಹೆಂಗಸರೂ ತಿರುಗಿದರು. ಅಲ್ಲಿ ಖಾಲಿ ಬಯಲು, ಬಯಲಿನಾಚೆ ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದ ದೀಪಗಳು.

"ಆಯ್ತಾ ಅಂತ ಕೇಳ್ತೀರಾ ಅವರನ್ನ?" ಎಂದಳು ಹುಡುಗಿ. "ಕೈ ನೋಯ್ತಿದೆ."